ನಾನು ರಾಡಿ ಮಾಡಿದ ವರತಿ

ಆ ದಿನಗಳಲ್ಲೂ ನಮ್ಮೂರಿಗೆ ನಲ್ಲಿ ಬಂದಿತ್ತು. ಆದರೆ ಬೋರಿನ ನೀರು ಸವಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಚಹಾಕ್ಕೆ ರುಚಿ ಹತ್ತುತ್ತಿರಲಿಲ್ಲ. ಕುಡಿಯುವ ನೀರಿಗೆ ಊರಿಗೆ ಊರೇ ಮೋಟೆಬೆನ್ನೂರಿನ ಕಡೆ ಹೋಗುವ ರಸ್ತೆ ಬದಿಯ ವರತಿಗೆ ನಡೆಯುತ್ತಿತ್ತು. ಗುಡ್ಡದ ಬುಡದಲ್ಲಿ, ಎರಡು ಬಂಡೆಗಳ ನಡುವೆ, ಬುಟ್ಟಿಯಷ್ಟು ಅಗಲದ ಕುಳಿ. ಅದರ ತಳದಿಂದ ನೀರು ಸದ್ದಿಲ್ಲದೆ ಜಿನುಗುತ್ತಿತ್ತು. ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹೊತ್ತ ಟೆಂಪೋ ಹಾದುಹೋದರೆ ಪಾಳಿಯಲ್ಲಿ ನಿಂತ ಹೆಂಗಸರೆಲ್ಲ ಒಟ್ಟಿಗೆ ಸೀನುತ್ತಿದ್ದರು. ಹುಡುಗಿಯರು ನಾವು ಕೊಡ ಪಾಳಿಗಿಟ್ಟು, ಹುಣಸೆ ಚಿಗುರು ತಿನ್ನುತ್ತ ಕಲ್ಲಾಟ ಆಡುತ್ತಿದ್ದೆವು.

ವರತಿಯಲ್ಲಿ ನೀರು ತುಂಬಲು ಕೈ ಹದವಾಗಿರಬೇಕು. ಚರಗಿಯನ್ನು ಓರೆ ಮಾಡಿ, ತಳ ಮುಟ್ಟದಂತೆ ಮೆಲ್ಲಗೆ ಮೊಗೆಯಬೇಕು. ಚೂರು ಅವಸರ ಮಾಡಿದರೂ ರಾಡಿ ಏಳುತ್ತಿತ್ತು. ಮತ್ತೆ ತಿಳಿಯಾಗಲು ಅರ್ಧ ತಾಸು. ನಮ್ಮ ಮನೆಯಲ್ಲಿ ಅದು ನನ್ನ ಕೆಲಸ. “ನನ್ನ ಮಗಳ ಕೈ ಭಾಳ ಹಗೂರ” ಎಂದು ಅವ್ವ ಎಲ್ಲರ ಮುಂದೆ ಹೇಳುತ್ತಿದ್ದಳು.

ನಾನು ಐದನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ರತ್ನಾ ಬಂದಳು. ಅಪ್ಪನ ತಂಗಿಯ ಮಗಳು, ನನ್ನದೇ ವಯಸ್ಸು. ಅವಳ ಅವ್ವ, ಅಂದರೆ ನಮ್ಮ ಅತ್ತಿ, ಹಾವೇರಿಯ ದವಾಖಾನೆಯಲ್ಲಿದ್ದಳು. ಏನು ಬ್ಯಾನಿ ಎಂದು ನಮಗೆ ಯಾರೂ ಹೇಳಲಿಲ್ಲ. ಅವ್ವ ದಿನಾ ಮೊದಲು ರತ್ನಾಳ ತಲೆ ಬಾಚುತ್ತಿದ್ದಳು, ಕೆನೆ ಮೊಸರನ್ನು ಅವಳ ರೊಟ್ಟಿಗೇ ಹಾಕುತ್ತಿದ್ದಳು. ನಾನು ನನ್ನ ರೊಟ್ಟಿ ಮುರಿಯುತ್ತ ಅವಳ ತಾಟನ್ನೇ ನೋಡುತ್ತಿದ್ದೆ.

ಮೂರನೆಯ ದಿನ ವರತಿಯ ಹತ್ತಿರ ರತ್ನಾ ಚರಗಿ ಕೇಳಿ ಇಸಕೊಂಡಳು. ಅವಳು ಮೊಗೆದ ನೀರಿನಲ್ಲಿ ಒಂದು ಹರಳು ಮರಳೂ ಇರಲಿಲ್ಲ.

“ಎಷ್ಟ ತಿಳಿ ತುಂಬ್ಯಾಳ ನೋಡ್ರೆವ್ವಾ ಈ ಹುಡುಗಿ!” ಎಂದಳು ಪಾಳಿಯಲ್ಲಿದ್ದ ನೀಲವ್ವಜ್ಜಿ.

ಅವ್ವ ನಕ್ಕು ನನ್ನ ಕಡೆ ತಿರುಗಿದಳು. “ಇನ್ನ ಮ್ಯಾಲ ರತ್ನಾನ ತುಂಬಲಿ. ನೀ ಕೊಡ ಹಿಡಕೋ.”

ನಾನು ಕೊಡವನ್ನು ಬಂಡೆಯ ಮೇಲೆ ದಡಕ್ಕನೆ ಕುಕ್ಕಿದೆ.

ಅತ್ತಿ ದವಾಖಾನೆಯ ನೀರು ಒಲ್ಲೆ ಅನ್ನುತ್ತಿದ್ದಾಳೆ, ತವರಿನ ವರತಿ ನೀರು ಬೇಕಂತೆ ಎಂದು ಅಪ್ಪ ಒಂದು ದಿನ ಸುದ್ದಿ ತಂದ. ಮರುದಿನ ಮುಂಜಾನೆಯ ಬಸ್ಸಿಗೆ ನೀರು ಒಯ್ಯುವುದೆಂದಾಯಿತು. ರತ್ನಾ ಸಣ್ಣ ಕ್ಯಾನೊಂದನ್ನು ಮತ್ತೆ ಮತ್ತೆ ತೊಳೆದಳು. ಅಪ್ಪ ರಸ್ತೆಯಲ್ಲಿ ಬಸ್ಸಿಗೆ ನಿಂತ. ಅವ್ವ ಮತ್ತು ನೀಲವ್ವಜ್ಜಿ ಹಿಂದೆ ಬರುತ್ತಿದ್ದರು. ನಾವಿಬ್ಬರು ಮೊದಲೇ ವರತಿ ಮುಟ್ಟಿದೆವು.

ರತ್ನಾ ಕ್ಯಾನಿನ ಮುಚ್ಚಳ ತಿರುವುತ್ತ ಆ ಕಡೆ ಮುಖ ಮಾಡಿದ್ದಳು. ನಾನು ಕಾಲನ್ನು ಕುಳಿಯೊಳಗೆ ಇಳಿಸಿ, ಹಿಮ್ಮಡಿಯಿಂದ ತಳ ಕೆದರಿಬಿಟ್ಟೆ. ರತ್ನಾಳ ಕೈಯಿಂದ ರಾಡಿಯಾಯಿತು ಎಂದು ಎಲ್ಲರೂ ಅನ್ನಲಿ, ನನಗೆ ಬೇಕಾಗಿದ್ದು ಅಷ್ಟೇ. ಆ ನೀರು ಯಾರಿಗೆ ಹೋಗಬೇಕಿತ್ತು ಎಂಬುದು ತಲೆಗೇ ಹೊಳೆಯಲಿಲ್ಲ.

ಬಸ್ಸು ಬಂತು. ಕುಳಿಯಲ್ಲಿ ಕೆಂಪು ರಾಡಿ ಇನ್ನೂ ಸುತ್ತುತ್ತಿತ್ತು. ಅಪ್ಪ ಬರಿಗೈಯಲ್ಲಿ ಹತ್ತಿ ಹೋದ.

“ಯಾರ ಕಲಕಿದ್ರು?” ಅವ್ವ ಕೇಳಿದಳು.

ರತ್ನಾ ನನ್ನ ಕಾಲು ನೋಡಿದಳು. ಹಿಮ್ಮಡಿಯ ತುಂಬ ಕೆಸರು. ಆಮೇಲೆ ಅವ್ವನ ಮುಖ ನೋಡಿ, “ನನ್ನ ಕೈ ಜಾರಿತ್ರಿ” ಎಂದಳು.

ನೀಲವ್ವಜ್ಜಿ ಬಯ್ಯಲು ಬಾಯಿ ತೆರೆದಳು. ಅವ್ವ ತಡೆದು, ರತ್ನಾಳನ್ನು ಎಳೆದು ಅಪ್ಪಿಕೊಂಡಳು. “ಇರ್ಲಿ ಬಿಡವ್ವಾ, ನಾಳೆ ಕಳಸೂಣು.” ಆಗಲೂ ನನಗೆ ನಾಚಿಕೆಯಾಗಲಿಲ್ಲ. ಸುಳ್ಳು ಹೇಳಿಯೂ ಅವಳೇ ಅವ್ವನ ಎದೆಯಲ್ಲಿ ಮುಖ ಇಟ್ಟಿದ್ದಾಳಲ್ಲ ಎಂದು ಇನ್ನಷ್ಟು ಉರಿಯಿತು.

ಮರುದಿನ ನೀರು ಹೋಯಿತು. ಅತ್ತಿ ಕುಡಿದಳಂತೆ, ನಾಲ್ಕು ಗುಟುಕು. ಸಾಲಿ ಶುರುವಾಗುವ ಹೊತ್ತಿಗೆ ಗುಣವಾಗಿ ತನ್ನ ಮನೆಗೆ ಹೋದಳು. ರತ್ನಾ ಹೊರಟ ದಿನ ಬಸ್ಸಿಗೆ ಕಾಯುವಾಗ ನನ್ನ ಕಿವಿಯ ಹತ್ತಿರ ಬಂದಳು.

“ವರತಿ ಕಲಕಿದಾಕಿ ನೀನ ಅಂತ ನನಗ ಗೊತ್ತೈತಿ.”

“ಮತ್ಯಾಕ ಹೇಳಲಿಲ್ಲ?”

“ಹೇಳಿದ್ರ ನಿಮ್ಮವ್ವ ನಿನ್ನ ಬಡೀತಿದ್ಲು. ಆಮ್ಯಾಲ ತೊಡಿ ಮ್ಯಾಲ ಹಾಕ್ಕೊಂಡು ಸಮಾಧಾನ ಮಾಡ್ತಿದ್ಲು. ಅದನ್ನ ನೋಡಾಕ ನನಗ ಆಗ್ತಿರಲಿಲ್ಲ. ನಮ್ಮವ್ವ ದವಾಖಾನ್ಯಾಗ ಇದ್ಲಲ್ಲ.”

ಅಷ್ಟು ದಿನ ಒಂದೇ ಚಾಪೆಯಲ್ಲಿ ಮಲಗಿ ಇಬ್ಬರೂ ಉರಿದಿದ್ದೆವು. ಬಸ್ಸು ಬಂತು, ರತ್ನಾ ಹತ್ತಿ ಹೋದಳು.

ರಸ್ತೆ ಅಗಲ ಮಾಡುವಾಗ ಗುಡ್ಡದ ಬುಡ ಕಡಿದರು. ವರತಿ ಇಲ್ಲೇ ಇತ್ತು ಎಂದು ಕೈ ಮಾಡಿ ತೋರಿಸಲೂ ಈಗ ಬರುವುದಿಲ್ಲ. ಅವ್ವನೂ ಇಲ್ಲ, ಅತ್ತಿಯೂ ಇಲ್ಲ. ರತ್ನಾ ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಾಳೆ. ಹೋದ ತಿಂಗಳು ಒಂದು ಮದುವೆಯಲ್ಲಿ ಸಿಕ್ಕಳು. ನನ್ನ ಸೀರೆಯ ಸೆರಗು ಹಿಡಿದು ನೋಡಿ, “ಭಾಳ ಛಲೋ ಐತ್ರಿ” ಎಂದು ಗಿರಾಕಿಗೆ ಹಚ್ಚುವ ‘ರಿ’ ಹಚ್ಚಿ ನಕ್ಕಳು. ಆ ಕಣ್ಣುಗಳಲ್ಲಿ ಒಂದಿಷ್ಟಾದರೂ ಉರಿ ಇದೆಯೇನೋ ಎಂದು ಹುಡುಕಿದೆ. ಇರಲಿಲ್ಲ.

“ಮಕ್ಕಳು ಆರಾಮ ಅದಾರೇನ್ರಿ?” ಎಂದೆ ನಾನೂ.