ಮುನಿಶಾಮಮ್ಮನಿಗೆ ಸಿಕ್ಕ ಕಾಸು

ಸಿಂಗಾಪುರ ಎಂಬ ಹಳ್ಳಿಯ ಮುನಿಶಾಮಮ್ಮ ಬಾವಿ ತೋಡುವ ಕಡೆಯೆಲ್ಲ ಮಣ್ಣು ಹೊತ್ತು ಬದುಕಿದವಳು. ಗಂಡ ಸತ್ತ ಮೇಲೂ ತಲೆಯ ಮೇಲಿನ ಮಂಕರಿ ಇಳಿಯಲಿಲ್ಲ. ೧೯೫೯ರ ಬೇಸಿಗೆಯಲ್ಲಿ ಬ್ಯಾಟರಾಯನಪುರದ ತೋಟವೊಂದರಲ್ಲಿ ಅವಳು ಸುರಿದ ಮಣ್ಣಿನೊಳಗೆ ಒಡೆದ ಕುಡಿಕೆಯೊಂದು ಕಂಡಿತು. ಅದರ ತುಂಬ ಹಸಿರುಗಟ್ಟಿದ ತಾಮ್ರದ ಕಾಸು. ನೆಲದಲ್ಲಿ ಸಿಕ್ಕಿದ್ದು ಸರ್ಕಾರದ್ದು ಎಂದು ಹೆದರಿ ಪಟೇಲರಿಗೆ ಒಪ್ಪಿಸಿದಳು. ಅವರು ಅದಕ್ಕೆ ಅರಗಿನ ಮುದ್ರೆ ಹಾಕಿಸಿ ತಾಲ್ಲೂಕು ಕಚೇರಿಗೆ ಕಳಿಸಿದರು. ಶಾನುಭೋಗರು ಇಂಗ್ಲಿಷಿನಲ್ಲಿ ವರದಿ ಬರೆದರು: ಕೂಲಿ ಹೆಂಗಸಿಗೆ ಕ್ಯಾಶ್ ಸಿಕ್ಕಿದೆ.

ಅದೇ ವಾರ ಯಶವಂತಪುರದ ಕಾರ್ಖಾನೆಯೊಂದರ ಸಂಬಳದ ಚೀಲ ಕಳವಾಗಿತ್ತು. ವರದಿಯ ನಕಲು ಹಿಡಿದ ಪೊಲೀಸರು ಅವಳನ್ನು ಠಾಣೆಗೆ ಕರೆತಂದರು. ನೋಟುಗಳೆಲ್ಲಿ, ಕೊಟ್ಟವರು ಯಾರು ಎಂದು ಇನ್‌ಸ್ಪೆಕ್ಟರು ಬೆಳಗಿನಿಂದ ಕೇಳಿದ್ದನ್ನೇ ಕೇಳಿದರು. ಕಾಸು, ಕಾಸು ಎಂದು ಅವಳು ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಸಂಜೆಯೊಳಗೆ ಬಾಯಿ ಬಿಡದಿದ್ದರೆ ಅಳಿಯನನ್ನೂ ಎಳೆತರುವುದಾಗಿ ಹೇಳಿದರು.

ಸುದ್ದಿ ತಿಳಿದು ಊರಿನ ಶಾಲೆಯ ಮೇಷ್ಟ್ರು ಕೃಷ್ಣಯ್ಯ ಸೈಕಲ್ಲಿನಲ್ಲಿ ಬಂದರು. ವರದಿ ಓದಿ, ಕುಡಿಕೆಯನ್ನೇ ತರಿಸಿ ನೋಡಿ ಎಂದರು. ಅದು ಬರಲು ವಾರವಾಗುತ್ತದೆ, ಅಲ್ಲಿಯವರೆಗೆ ಇವಳು ಇಲ್ಲೇ ಇರಲಿ ಎಂದರು ಇನ್‌ಸ್ಪೆಕ್ಟರು.

ಮೊಮ್ಮಗಳಿಗೆಂದು ಒಂದು ಕಾಸನ್ನು ಮುನಿಶಾಮಮ್ಮ ಬಚ್ಚಿಟ್ಟಿದ್ದಳು. ಅದು ಸೊಂಟದ ಎಲೆಅಡಿಕೆ ಚೀಲದಲ್ಲೇ ಇತ್ತು. ತೋರಿಸಿದರೆ ಕಳ್ಳಿ, ತೋರಿಸದಿದ್ದರೆ ದೊಡ್ಡ ಕಳ್ಳಿ. ಬಹಳ ಹೊತ್ತು ಚೀಲವನ್ನು ಒತ್ತಿ ಹಿಡಿದೇ ಕೂತಿದ್ದಳು. ಕೊನೆಗೆ ಎದ್ದು ಕಾಸನ್ನು ಮೇಜಿನ ಮೇಲಿಟ್ಟಳು.

“ತಪ್ಪಾಯ್ತು ಸ್ವಾಮಿ. ಒಂದು ಮಡಿಕ್ಕೊಂಡಿದ್ದೆ. ನಾನು ಕಂಡಿದ್ದೆಲ್ಲ ಇಂತಾವೇ.”

ಮೇಷ್ಟ್ರು ಅದನ್ನು ಪಂಚೆಯ ತುದಿಯಿಂದ ಉಜ್ಜಿದರು. ಮಹಾರಾಜರ ಕಾಲದ್ದು; ಕನ್ನಡದಲ್ಲಿ ಕಾಸು ಎಂದಿತ್ತು, ಇಂಗ್ಲಿಷಿನಲ್ಲಿ ಕ್ಯಾಶ್ ಎಂದಿತ್ತು. ಇಂಗ್ಲಿಷಿನಲ್ಲಿ ಕ್ಯಾಶ್ ಎರಡಿವೆ ಎಂದು ಅವರು ಬಿಡಿಸಿ ಹೇಳಿದರು. ಒಂದು, ಹಣದ ಪೆಟ್ಟಿಗೆಯ ಹೆಸರಿನಿಂದ ಬಂದು ಕೈಯಲ್ಲಿರುವ ಹಣವಾದದ್ದು. ಇನ್ನೊಂದು ನಮ್ಮದೇ: ತಮಿಳರೂ ನಾವೂ ಅನ್ನುವ ಕಾಸು, ಬಂದರುಗಳಲ್ಲಿ ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷರಿಗೆ ಹೋಗಿ ಚಿಲ್ಲರೆ ನಾಣ್ಯದ ಹೆಸರಾದದ್ದು.

“ಶಾನುಭೋಗ್ರು ಬರೆದಿದ್ದು ಈ ಕ್ಯಾಶು ಸಾರ್. ನೀವು ಓದಿದ್ದು ಆ ಕ್ಯಾಶು.”

ಇನ್‌ಸ್ಪೆಕ್ಟರು ಕಾಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೊಸದಾಗಿ ಹೇಳಿಕೆ ಬರೆದರು. ಒಂದನ್ನು ಬಚ್ಚಿಟ್ಟದ್ದನ್ನೂ ಬಿಡದೆ ಸೇರಿಸಿದರು. ಹೆಬ್ಬೆಟ್ಟಿಗೆ ಮಸಿ ಮುಂದಿಟ್ಟಾಗ ಮುನಿಶಾಮಮ್ಮ ಕೈ ಹಿಂದಕ್ಕೆಳೆದುಕೊಂಡಳು.

“ಮೊದ್ಲು ಓದಿ ಏಳಿ ಸ್ವಾಮಿ, ಕನ್ನಡದಾಗೆ.”

ಅವರು ಮುಖ ಗಂಟಿಕ್ಕಿಕೊಂಡೇ ಓದಿದರು. ಕಾಸು ಎಂಬಲ್ಲಿ ಅವಳು ತಡೆದಳು. ಅವರು ಅದರ ಮೊದಲು ‘ತಾಮ್ರದ’ ಎಂದು ಸೇರಿಸಿದ ಮೇಲೆಯೇ ಹೆಬ್ಬೆಟ್ಟು ಒತ್ತಿದಳು. ಅವರು ಹೋಗೆಂದ ಮೇಲೆ ಹೊರಗೆ ಬಂದು, ಮೇಷ್ಟ್ರ ಸೈಕಲ್ಲಿನ ಪಕ್ಕದಲ್ಲಿ ಊರ ಕಡೆ ನಡೆದಳು.