ಮುನಿರಾಮಪ್ಪನ ಬೆನ್ನು ಮತ್ತು ಗಾಳಿಯ ಸಸ್ಪೆನ್ಷನ್

ಮುನಿರಾಮಪ್ಪನ ಬೆನ್ನಿನ ವಿಷಯ ಇಡೀ ಕೋಲಾರ ಜಿಲ್ಲೆಯಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವನ ಹೆಂಡತಿ ಎಲ್ಲಮ್ಮ, ಇನ್ನೊಬ್ಬರು ಮೂಳೆ ಡಾಕ್ಟರು, ಮೂರನೆಯವನು ನಾನು. ಮುಳಬಾಗಿಲಿನಲ್ಲಿ ಮೂವತ್ತು ವರ್ಷದಿಂದ ಪೌರೋಹಿತ್ಯ ಮಾಡುತ್ತಿದ್ದೇನೆ, ಹೆಸರು ವಿದ್ಯಾಧೀಶ. ಪುರೋಹಿತನ ಹೊಟ್ಟೆಯಲ್ಲಿ ಅರ್ಧ ಊರಿನ ಗುಟ್ಟು ಇರುತ್ತದೆ. ಅವೆಲ್ಲ ಸುಮ್ಮನೆ ಬಿದ್ದಿರುತ್ತವೆ, ನನಗೇನೂ ತೊಂದರೆ ಕೊಡುವುದಿಲ್ಲ. ಆದರೆ ಆ ಗುರುವಾರ ಈ ಒಂದು ಗುಟ್ಟು ಸುಮ್ಮನೆ ಬಿದ್ದಿರಲಿಲ್ಲ.

ಮುನಿರಾಮಪ್ಪ ಟೊಮೆಟೊ ಮಂಡಿ ಕೋದಂಡರಾಮಪ್ಪನವರ ಡ್ರೈವರು. ದೇವರಾಯಸಮುದ್ರದ ಕಡೆಯವನು, ಐವತ್ತಾರು ವಯಸ್ಸು. ಹದಿನೆಂಟು ವರ್ಷ ಕೋಲಾರದಿಂದ ಚೆನ್ನೈಗೆ ಟೊಮೆಟೊ ಲಾರಿ ಓಡಿಸಿದವನು. ನಮ್ಮ ಮಾರುಕಟ್ಟೆಯಲ್ಲಿ ಲಾರಿ ಡ್ರೈವರು ಎಷ್ಟು ಬೇಗ ಹೋಗಿ ಮುಟ್ಟಿದ ಎಂದು ಯಾರೂ ಕೇಳುವುದಿಲ್ಲ. ಇಳಿಸುವಾಗ ಎಷ್ಟು ಹಣ್ಣು ಒಡೆದಿತ್ತು ಎಂದು ಕೇಳುತ್ತಾರೆ. ಮುನಿರಾಮಪ್ಪನ ಲಾರಿಯಲ್ಲಿ ಒಡೆದದ್ದು ಯಾವಾಗಲೂ ಕಡಿಮೆ. ಅದನ್ನು ನೋಡಿಯೇ ಹದಿನಾರು ವರ್ಷದ ಹಿಂದೆ ಕೋದಂಡರಾಮಪ್ಪನವರು ಅವನನ್ನು ಲಾರಿಯಿಂದ ಇಳಿಸಿ ತಮ್ಮ ಕಾರಿಗೆ ಹತ್ತಿಸಿಕೊಂಡರು.

ಅಲ್ಲಿಂದ ಇಲ್ಲಿಯವರೆಗೆ ಆ ಮನೆಗೆ ಬಂದ ಪ್ರತಿಯೊಂದು ಗಾಡಿಯೂ ಇವನ ಮಾತಿನ ಮೇಲೇ ಬಂದಿದೆ. ಮಾರುವವನ ಎದುರಿಗೇ ಯಜಮಾನರು ಕೇಳುತ್ತಾರೆ, ಇವನು ಒಂದೇ ಮಾತು ಹೇಳುತ್ತಾನೆ: "ಆಗ್ತದೆ" ಅಥವಾ "ಬ್ಯಾಡ". ಅದಾದ ಮೇಲೆ ಬ್ರಹ್ಮ ಬಂದು ಹೇಳಿದರೂ ಬದಲಾಗುವುದಿಲ್ಲ. ಮುಳಬಾಗಿಲಿನಿಂದ ನನ್ನನ್ನು ಶ್ರಾದ್ಧಕ್ಕೋ ಸತ್ಯನಾರಾಯಣ ಪೂಜೆಗೋ ಕರೆದುಕೊಂಡು ಹೋಗುವಾಗ ಅವನು ಇದನ್ನು ನನಗೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಸ್ವಲ್ಪ ಜಂಬ ಇತ್ತು ಅವನಿಗೆ. ಇರಲಿ, ಇರಬೇಕಾದದ್ದೇ.

ಒಂದು ತಿಂಗಳ ಹಿಂದೆ ಹಾಗೆಯೇ ನನ್ನನ್ನು ಕರೆತರುವಾಗ ಡೀಸೆಲ್ ಹಾಕಿಸಲು ನಿಲ್ಲಿಸಿದವನು ಸೀಟಿನಿಂದ ಏಳಲೇ ಇಲ್ಲ. ಬಾಗಿಲು ತೆರೆದಿದೆ, ಒಂದು ಕಾಲು ಹೊರಗಿದೆ, ಮುಖ ಬಿಳಿಚಿಕೊಂಡಿದೆ. ನಾನು ಕೈ ಕೊಟ್ಟು ಎಬ್ಬಿಸಿದಾಗ ಅಂಗಿಯ ಒಳಗೆ ಅಗಲವಾದ ಬೆಲ್ಟು ಕೈಗೆ ಸಿಕ್ಕಿತು. ಬೆನ್ನಿನ ಎರಡು ಡಿಸ್ಕು ಜರುಗಿವೆಯಂತೆ. "ಕುಲುಕಾಟ ಕಡಿಮೆ ಆದ್ರೆ ಇನ್ನು ಮೂರ್ನಾಲ್ಕು ವರ್ಷ ಓಡಿಸಬೌದಂತೆ ಸಾಮಿ. ಹಿಂಗೇ ಆದ್ರೆ ಆರು ತಿಂಗಳಂತೆ. ಅಣ್ಣಂಗೆ ಹೇಳಬ್ಯಾಡಿ" ಎಂದ. ಅಣ್ಣ ಎಂದರೆ ಯಜಮಾನರು. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೋದಂಡರಾಮಪ್ಪನವರು ಒಳ್ಳೆಯವರೇ, ಆದರೆ ಗಾಡಿಯ ವಿಷಯದಲ್ಲಿ ಕಟುಕರು. ಎರಡು ವರ್ಷದ ಹಿಂದೆ ಅವರ ಟೆಂಪೋ ಡ್ರೈವರಿಗೆ ಕಣ್ಣಿನ ಪೊರೆ ಎಂದು ಗೊತ್ತಾದ ಸಂಜೆಯೇ ಅವನನ್ನು ಮನೆಗೆ ಕಳಿಸಿದ್ದರು.

ಈಗ ಯಜಮಾನರಿಗೆ ಹೊಸ ಗಾಡಿಯ ಹುಚ್ಚು ಹತ್ತಿತ್ತು. ಎತ್ತರದ, ದೊಡ್ಡ, ವಿದೇಶಿ ಕಂಪನಿಯ ಗಾಡಿ. ಬುಕ್ ಮಾಡಿಯಾಗಿತ್ತು, ಬಣ್ಣವೂ ಆಗಿತ್ತು. ಉಳಿದದ್ದು ಒಂದೇ: ಉಕ್ಕಿನ ಸ್ಪ್ರಿಂಗು ಇರುವುದೋ, ಅಥವಾ ನಾಲ್ಕೂವರೆ ಲಕ್ಷ ಹೆಚ್ಚಿಗೆ ಕೊಟ್ಟು ಗಾಳಿಯ ಸಸ್ಪೆನ್ಷನ್ ಇರುವುದೋ. ಗಾಳಿಯದ್ದರಲ್ಲಿ ಸ್ಪ್ರಿಂಗಿನ ಜಾಗದಲ್ಲಿ ರಬ್ಬರಿನ ಚೀಲಗಳಿರುತ್ತವೆ, ಒಳಗೆ ಗಾಳಿ ತುಂಬಿರುತ್ತದೆ, ಗುಂಡಿ ಬಂದರೂ ಮೈಗೆ ಗೊತ್ತಾಗುವುದಿಲ್ಲ. ಗುರುವಾರ ಎರಡು ಗಂಟೆಯೊಳಗೆ ಸಹಿ ಹಾಕಿ ಹೇಳದಿದ್ದರೆ ಉಕ್ಕಿನದ್ದೇ ಎಂದು ಕಾರ್ಖಾನೆಗೆ ಆರ್ಡರು ಹೋಗಿಬಿಡುತ್ತದೆ ಎಂದು ಶೋರೂಮಿನವರು ಕಟ್ಟುನಿಟ್ಟಾಗಿ ಹೇಳಿದ್ದರು. ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ. ರಾಹುಕಾಲದಲ್ಲಿ ಯಜಮಾನರು ಸಹಿ ಹಾಕುವವರಲ್ಲ. ಹಾಗಾಗಿ ಒಂದೂವರೆಯೇ ಗಡುವು, ಅದನ್ನು ನೋಡಿಕೊಳ್ಳಲು ನಾನು.

ಶ್ರೀನಿವಾಸಪುರದ ಹತ್ತಿರ ಅವರದ್ದೊಂದು ಮಾವಿನ ತೋಟ ಇದೆ. ನಾವು ಮೂವರೂ ಹಳೆಯ ಕಾರಿನಲ್ಲಿ ಹನ್ನೊಂದಕ್ಕೆ ಅಲ್ಲಿಗೆ ಹೋದೆವು. ಶೋರೂಮಿನ ಭಾರ್ಗವ್ ಎಂಬ ಹುಡುಗ ಜೊತೆಗೊಬ್ಬನನ್ನು ಕರೆದುಕೊಂಡು ಎರಡೂ ಬಗೆಯ ಗಾಡಿಗಳನ್ನು ತಂದು ನಿಲ್ಲಿಸಿಕೊಂಡಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಯಿ ತೆರೆದರೆ ಗಾಳಿಯ ಗುಣಗಾನ.

"ಸರ್, ಬಟನ್ ಒತ್ತಿದ್ರೆ ಗಾಡಿ ಮೇಲಕ್ಕೆ ಎದ್ದು ನಿಲ್ಲತ್ತೆ. ನಿಮ್ಮ ತೋಟದ ರೋಡಿಗೆ ಹೇಳಿ ಮಾಡಿಸಿದ ಹಾಗೆ."

ಕೋದಂಡರಾಮಪ್ಪನವರು ಅವನ ಕಡೆ ನೋಡಲೇ ಇಲ್ಲ. ತೋಟದ ಆಳಿಗೆ ಕೂಗಿ ಹೇಳಿದರು. "ಪಕ್ಕದ ಹೊಲದಿಂದ ನಾಲ್ಕು ಬಾಕ್ಸ್ ಟೊಮೆಟೊ ತಗಂಬಾ. ಕಾಯಿ ಬೇಡ, ಮೆತ್ತಗಿರೋ ಹಣ್ಣು."

ಭಾರ್ಗವ್ ಏನೂ ಅರ್ಥವಾಗದೆ ನಿಂತಿದ್ದ. ಒಂದೊಂದು ಗಾಡಿಯ ಡಿಕ್ಕಿಯಲ್ಲಿ ಎರಡೆರಡು ಬಾಕ್ಸ್ ಟೊಮೆಟೊ ಇಟ್ಟು, ಒಬ್ಬನೇ ಡ್ರೈವರು, ಒಂದೇ ದಾರಿ, ಒಂದೇ ವೇಗದಲ್ಲಿ ಹೋಗಿ ಬರಬೇಕು, ಆಮೇಲೆ ಒಡೆದ ಹಣ್ಣು ಎಣಿಸಬೇಕು. ನಲವತ್ತು ವರ್ಷ ಮಂಡಿ ನಡೆಸಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಪ್ರಪಂಚದಲ್ಲಿ ಇಲ್ಲ. ಟೊಮೆಟೊಗೆ ಬೆನ್ನೆಲುಬು ಇಲ್ಲ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ನನಗೆ ಹೊಳೆಯಿತು, ಆದರೆ ಮಾತು ಕೊಟ್ಟಿದ್ದೆ.

ಮೊದಲು ಉಕ್ಕಿನ ಸ್ಪ್ರಿಂಗಿನದು. ಯಜಮಾನರು ಮುಂದೆ ಕೂತರು, ಭಾರ್ಗವ್ ಮತ್ತು ನಾನು ಹಿಂದೆ. ತೋಟದಿಂದ ಟಾರು ರಸ್ತೆಯವರೆಗೆ ಎರಡು ಕಿಲೋಮೀಟರು ಕಲ್ಲಿನ ದಾರಿ. ನಾನು ಸರಿಯಾಗಿ ಮುನಿರಾಮಪ್ಪನ ಹಿಂದೆಯೇ ಇದ್ದೆ, ಅವನ ಕುತ್ತಿಗೆ, ಹೆಗಲು, ಕೈ ಬಿಟ್ಟರೆ ನನಗೆ ಬೇರೇನೂ ಕಾಣುತ್ತಿರಲಿಲ್ಲ. ಎ.ಸಿ. ಜೋರಾಗಿತ್ತು, ಆದರೂ ಆ ಕುತ್ತಿಗೆಯಲ್ಲಿ ಬೆವರು. ಪ್ರತಿ ಕಲ್ಲಿಗೂ ಅವನ ಎಡಗೈ ಸ್ಟಿಯರಿಂಗ್ ಬಿಟ್ಟು ಸೀಟಿನ ಅಂಚು ಹಿಡಿಯುತ್ತಿತ್ತು, ಮತ್ತೆ ವಾಪಸು ಹೋಗುತ್ತಿತ್ತು. ಒಂದು ಕಡೆ ಚಕ್ರ ಗುಂಡಿಗೆ ಇಳಿದಾಗ ಅವನ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು.

"ಏನಾಯ್ತೋ?" ಎಂದರು ಯಜಮಾನರು.

"ಏನಿಲ್ಲಣ್ಣ, ಗಂಟ್ಲು."

ನಾನು ಕೈಯಲ್ಲಿದ್ದ ಪಂಚಾಂಗವನ್ನು ಸುಮ್ಮನೆ ತಿರುವಿದೆ. ಒಂದು ಅಕ್ಷರವೂ ಕಣ್ಣಿಗೆ ಬೀಳಲಿಲ್ಲ.

ಆಮೇಲೆ ಗಾಳಿಯದು. ಅದೇ ಕಲ್ಲು, ಅದೇ ಗುಂಡಿ. ಸುಳ್ಳು ಹೇಳಬಾರದು, ತೊಟ್ಟಿಲಿನಲ್ಲಿ ಕೂತ ಹಾಗೆ ಇತ್ತು. ಮುನಿರಾಮಪ್ಪನ ಎರಡೂ ಕೈ ಸ್ಟಿಯರಿಂಗ್ ಮೇಲೆಯೇ ಇದ್ದವು. ಶ್ರೀನಿವಾಸಪುರದ ರಸ್ತೆಯಲ್ಲಿ ತಿರುಗಿಸಿಕೊಂಡು ಬರುವಾಗ ಅವನ ಹೆಗಲು ಇಳಿದದ್ದನ್ನು ನಾನು ನೋಡಿದೆ. ಆ ಹೆಗಲು ಹಾಗೆ ಸಡಿಲವಾದದ್ದನ್ನು ನೋಡಿ ಎಷ್ಟು ತಿಂಗಳಾಗಿತ್ತೋ. ದೇವರೇ, ಇವನು "ಆಗ್ತದೆ" ಎನ್ನಲಿ ಎಂದು ನಾನು ಕೂತಲ್ಲೇ ಬೇಡಿಕೊಂಡೆ. ನಾಲ್ಕೂವರೆ ಲಕ್ಷ ಯಜಮಾನರಿಗೆ ದೊಡ್ಡದೇನಲ್ಲ, ಇವನಿಗೆ ಅದು ನಾಲ್ಕು ವರ್ಷದ ಅನ್ನ.

ತೋಟಕ್ಕೆ ಬಂದಾಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಮಾವಿನ ಮರದ ಕೆಳಗೆ ಗೋಣಿ ಹಾಸಿ, ಯಜಮಾನರು ಪಂಚೆ ಎತ್ತಿ ಕಟ್ಟಿ ಕೂತು ಹಣ್ಣು ಆರಿಸಿದರು. ಉಕ್ಕಿನ ಗಾಡಿಯಲ್ಲಿ ಒಡೆದದ್ದು ಒಂಬತ್ತು, ಗಾಳಿಯ ಗಾಡಿಯಲ್ಲಿ ಆರು.

"ಮೂರು ಹಣ್ಣಿಗೆ ನಾಲ್ಕೂವರೆ ಲಕ್ಷ" ಎಂದು ಕೈ ಒರೆಸಿಕೊಂಡರು.

ಭಾರ್ಗವ್ ಗಾಬರಿಯಾದ. "ಸರ್, ಇದು ಮನುಷ್ಯರಿಗೆ ಸರ್, ತರಕಾರಿಗಲ್ಲ."

ನನಗೂ ತಡೆಯಲಾಗಲಿಲ್ಲ. "ಹುಡುಗ ಸರಿಯಾಗೇ ಹೇಳ್ತಿದಾನೆ. ನನ್ನ ಸೊಂಟಕ್ಕೆ ಮೊದಲನೇ ಗಾಡೀಲಿ ಪ್ರಾಣ ಹೋಯ್ತು. ಎರಡನೇದು ತೊಟ್ಟಿಲು. ಭಾರತಮ್ಮನೋರಿಗೂ ವಯಸ್ಸಾಯ್ತಲ್ಲ, ಯೋಚನೆ ಮಾಡಿ" ಎಂದೆ. ಭಾರತಮ್ಮ ಯಜಮಾನರ ಹೆಂಡತಿ. ಆಕೆ ಕಲ್ಲುಗುಂಡಿನಂತೆ ಗಟ್ಟಿಯಾಗಿದ್ದಾರೆ. ನನ್ನ ಸೊಂಟಕ್ಕೂ ಏನೂ ಆಗಿರಲಿಲ್ಲ. ಮಡಿ ಉಟ್ಟು ಮಂತ್ರ ಹೇಳುವ ಬಾಯಲ್ಲೇ ಎರಡು ಸುಳ್ಳು ಸಲೀಸಾಗಿ ಬಂದವು, ನನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ.

ಕೋದಂಡರಾಮಪ್ಪನವರು ನನ್ನನ್ನೊಮ್ಮೆ ನೋಡಿದರು. ಆಚಾರ್ರ ಮಾತು ತೆಗೆದುಹಾಕುವವರಲ್ಲ ಅವರು. ಗಡ್ಡ ಕೆರೆದುಕೊಂಡರು. ಬಂತು, ದಾರಿಗೆ ಬಂದರು ಎಂದುಕೊಂಡೆ. ಅಷ್ಟರಲ್ಲಿ ಅವರು ತಮ್ಮ ಹಳೆಯ ಪದ್ಧತಿಗೆ ತಿರುಗಿದರು.

"ಏಮಿ ಮುನಿರಾಮಪ್ಪ, ನೀನು ಹೇಳು. ಎರಡೂ ಓಡಿಸಿದೀಯ."

ಮುನಿರಾಮಪ್ಪ ಹಳೆಯ ಕಾರಿಗೆ ಒರಗಿ ನಿಂತಿದ್ದ. ಒರಗದೆ ನಿಲ್ಲಲು ಆಗುತ್ತಿರಲಿಲ್ಲ ಎಂದು ನನಗೆ ಗೊತ್ತು. ಯಜಮಾನರ ಬೆನ್ನ ಹಿಂದೆ ನಿಂತು ನಾನು ತಲೆ ಆಡಿಸಿದೆ. ಹೇಳು, ಹೂಂ ಅನ್ನು ಎಂದು ಕಣ್ಣಲ್ಲೇ ಒತ್ತಾಯ ಮಾಡಿದೆ. ಅವನು ನನ್ನ ಕಡೆ ನೋಡಿದ, ಕಣ್ಣು ತಪ್ಪಿಸಿದ, ಬಗ್ಗಲಾರದೆ ಮಂಡಿ ಮಡಚಿ ಕೂತು ಗಾಳಿಯ ಗಾಡಿಯ ಚಕ್ರದ ಒಳಗೆ ಕೈ ಹಾಕಿದ. ಕೈ ಕೆಂಪು ಧೂಳಾಗಿ ಹೊರಗೆ ಬಂತು. ಆ ಧೂಳನ್ನು ಬೆರಳಲ್ಲಿ ಉಜ್ಜಿ ನೋಡುತ್ತ ಬಹಳ ಹೊತ್ತು ಕೂತ. ಗಂಟೆ ಒಂದೂ ಹತ್ತು.

"ಲೇ, ಹೊತ್ತಾಗ್ತಿದೆ" ಎಂದರು ಯಜಮಾನರು.

ಅವನು ಮಂಡಿಯ ಮೇಲೆ ಕೈಯೂರಿ ಎದ್ದ. "ಬ್ಯಾಡಣ್ಣ."

ಭಾರ್ಗವ್ ಏನೋ ಹೇಳಲು ಹೋದ, ಯಜಮಾನರು ಕೈ ಎತ್ತಿ ತಡೆದರು.

"ಟಾರ್ ರೋಡಲ್ಲೇ ಓಡೋರಿಗೆ ಚೆನ್ನಾಗೈತೆ. ನಾವು ವಾರದಲ್ಲಿ ನಾಕು ದಿನ ಈ ಕಲ್ಲಲ್ಲೇ ಓಡಾಡೋದು. ಒಂದೇ ರೌಂಡಿಗೆ ಚೀಲದ ಮಡಿಕೆ ಒಳಗೆ ಎಷ್ಟು ಮಣ್ಣು ಸೇರೈತೆ ನೋಡಿ. ನಾಕೈದು ವರ್ಷಕ್ಕೆ ರಬ್ಬರ್ ಸವೆದು ಗಾಳಿ ಇಳೀತದೆ. ಇಳಿದ್ರೆ ಗಾಡಿ ಹೊಟ್ಟೆ ನೆಲಕ್ಕೆ ಹಚ್ಕೊಂಡು ಕೂತುಬಿಡ್ತದೆ, ಬೆಂಗ್ಳೂರಿಗೆ ಎಳ್ಕೊಂಡೇ ಹೋಗಬೇಕು. ನೀವು ಒಂದು ಗಾಡಿ ಹತ್ತು ವರ್ಷ ಇಟ್ಕೊಳ್ಳೋರು." ಉಸಿರು ತೆಗೆದುಕೊಂಡ. "ಉಕ್ಕಿಂದೇ ಸಾಕು. ಆದ್ರೆ ಆ ದೊಡ್ಡ ರಿಮ್ಮು ಬ್ಯಾಡ. ಒಂದು ಸೈಜು ಚಿಕ್ಕ ರಿಮ್ಮು, ದಪ್ಪ ಟೈರು ಹಾಕ್ಸಿ. ಅರ್ಧ ಕುಲುಕಾಟ ಅದರಲ್ಲೇ ಹೋಗ್ತದೆ, ಒಂದು ರೂಪಾಯಿ ಜಾಸ್ತಿ ಆಗಲ್ಲ."

ಭಾರ್ಗವ್ ಆರ್ಡರಿನ ಕಾಗದ ತೆಗೆದು ಯಜಮಾನರ ಕೈಗೆ ಕೊಟ್ಟ.

ನನಗೆ ಮುನಿರಾಮಪ್ಪನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಮೂರ್ಖ, ಇಂಥ ಹೊತ್ತಿನಲ್ಲೂ ನಿನ್ನ ಜಂಬವೇ ಮುಖ್ಯವಾಯಿತೇ ಎಂದು ಕೂಗಬೇಕೆನಿಸಿತು. ಯಜಮಾನರು ನಗುತ್ತಿದ್ದರು. ಪೆನ್ನು ತೆಗೆದು, ಕಾಗದವನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿದರು. ಹೊಟ್ಟೆ ತುಂಬಿದಷ್ಟು ಸಂತೋಷ ಅವರ ಮುಖದಲ್ಲಿ.

"ನೋಡಿದ್ರಾ ಆಚಾರ್ರೇ, ಇದಕ್ಕೇ ಇವನನ್ನ ಇಟ್ಕೊಂಡಿರೋದು. ಸರಿ ಬಿಡು, ನಿನ್ನ ಮಾತಿನ ಮೇಲೇ ತಗೊಳ್ತಿದೀನಿ. ಹತ್ತು ವರ್ಷ ನೀನೇ ಓಡಿಸ್ಬೇಕು ಮತ್ತೆ."

ಪೆನ್ನಿನ ತುದಿ ಕಾಗದದ ಮೇಲಿತ್ತು. ಮುನಿರಾಮಪ್ಪ ಸುಮ್ಮನೆ "ಆಯ್ತಣ್ಣ" ಅಂದಿದ್ದರೆ ಇನ್ನೂ ಆರು ತಿಂಗಳು ಹೇಗೋ ಕಳೆಯುತ್ತಿತ್ತು. ಅಷ್ಟನ್ನಾದರೂ ಹೇಳುತ್ತಾನೆ ಎಂದುಕೊಂಡೆ.

"ಅಣ್ಣ, ಗಾಡಿಗೆ ಗಾಳೀದು ಬ್ಯಾಡ" ಎಂದ. "ನಂಗೆ ಬೇಕಾಗಿತ್ತು."

ಯಜಮಾನರು ತಲೆ ಎತ್ತಿದರು. ಮುನಿರಾಮಪ್ಪ ಅಂಗಿಯ ಕೆಳಗಿನ ಎರಡು ಗುಂಡಿ ಬಿಚ್ಚಿದ. ಬೆಲ್ಟು ಬೆವರಿನಲ್ಲಿ ತೊಯ್ದು ಕಪ್ಪಾಗಿತ್ತು.

"ಎಷ್ಟು ದಿನದಿಂದ?"

"ಎರಡು ವರ್ಷ."

"ಎರಡು ವರ್ಷ" ಎಂದರು ಕೋದಂಡರಾಮಪ್ಪನವರು. ದನಿ ಏರಿಸಲಿಲ್ಲ, ಅದರಿಂದಲೇ ನನಗೆ ಹೆಚ್ಚು ಭಯವಾಯಿತು. "ದಿನಾ ನೀನು ನನ್ನ ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರ್ತಿದ್ದೆ. ಹೈವೇನಲ್ಲಿ ಬೆನ್ನು ಹಿಡ್ಕೊಂಡಿದ್ರೆ?"

"ತಪ್ಪಾಯ್ತು ಅಣ್ಣ."

ಆ ಪ್ರಶ್ನೆ ನ್ಯಾಯದ್ದೇ. ಒಂದು ತಿಂಗಳು ಗುಟ್ಟನ್ನು ಕಾಪಾಡಿ ಪುಣ್ಯ ಮಾಡಿದೆ ಎಂದುಕೊಂಡಿದ್ದ ನನಗೆ ಆ ಮಕ್ಕಳ ನೆನಪೇ ಬಂದಿರಲಿಲ್ಲ. ಯಜಮಾನರು ನನ್ನ ಕಡೆ ತಿರುಗಿದರು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು" ಎಂದೆ. ಇನ್ನೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

ಅವರು ಸಹಿ ಹಾಕಿದರು. ಉಕ್ಕಿನ ಸ್ಪ್ರಿಂಗು, ಚಿಕ್ಕ ರಿಮ್ಮು. ಭಾರ್ಗವ್ ಕಾಗದ ಮಡಚಿಕೊಂಡು, ಯಾರಿಗೂ ಕೈ ಮುಗಿಯದೆ, ತನ್ನ ಜೊತೆಯವನೊಂದಿಗೆ ಎರಡು ಗಾಡಿಗಳನ್ನೂ ತೆಗೆದುಕೊಂಡು ಹೊರಟುಹೋದ. ಧೂಳು ಇಳಿಯಿತು.

"ಕೀ ಕೊಡು" ಎಂದು ಯಜಮಾನರು ಕೈ ಚಾಚಿದರು.

ಮುನಿರಾಮಪ್ಪ ಜೇಬಿಗೆ ಕೈ ಹಾಕಿದ. ಹದಿನಾರು ವರ್ಷದಲ್ಲಿ ಆ ಮನೆಯ ಗಾಡಿಯ ಕೀ ಅವನ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದು ಅದೇ ಮೊದಲು. ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಬಸ್ಸು ಸಿಗುವ ಟಾರು ರಸ್ತೆಯ ಕಡೆ ನೋಡಿದ. ನನಗೆ ಅಳು ಬಂತು, ಉತ್ತರೀಯದಿಂದ ಮುಖ ಒರೆಸಿಕೊಂಡೆ.

ಕೋದಂಡರಾಮಪ್ಪನವರು ಡ್ರೈವರ್ ಸೀಟಿನಲ್ಲಿ ಕೂತರು. ಸೀಟು ಮುಂದಕ್ಕೆ ಎಳೆಯಲು ಯಾವುದನ್ನು ಒತ್ತಬೇಕೆಂದೂ ಅವರಿಗೆ ಮರೆತುಹೋಗಿತ್ತು. ತಡಕಾಡಿ, ಬೈದು, ಕೊನೆಗೆ ಎಳೆದುಕೊಂಡರು. ಆಮೇಲೆ ಬಗ್ಗಿ ಪಕ್ಕದ ಬಾಗಿಲು ತಳ್ಳಿ ತೆರೆದರು.

"ಕೂತ್ಕೋ. ಮೊದಲು ಡಾಕ್ಟರ್ ಹತ್ರ ಹೋಗೋಣ. ಕೆಲಸದ ವಿಷಯ ಆಮೇಲೆ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಒಳಗೆ ಇಳಿದ. ನಾನು ಹಿಂದೆ ಕೂತೆ. ಗಾಡಿ ಒಮ್ಮೆ ನೆಗೆದು ನಿಂತಿತು, ಮತ್ತೆ ಹೊರಟಿತು. ಕಲ್ಲಿನ ದಾರಿ ಶುರುವಾಗುವ ಕಡೆ ಯಜಮಾನರು ವೇಗ ಇಳಿಸಿ ಅವನ ಮುಖ ನೋಡಿದರು.

"ಇನ್ನೂ ನಿಧಾನ ಅಣ್ಣ" ಎಂದ ಮುನಿರಾಮಪ್ಪ.

ಅವರು ಇನ್ನೂ ನಿಧಾನ ಮಾಡಿದರು.