ಕಾಲಿಗೆ ಯಾರು ಹೇಳಬೇಕು

ಸೊಲ್ಲಾಪುರದ ಮೆದುಳಿನ ಡಾಕ್ಟರರ ಕೋಣೆಯ ಗೋಡೆಗೆ ಒಂದು ಚಿತ್ರ ಅಂಟಿಸಿದ್ದರು. ನಮ್ಮ ಮನೆಯವರಿಗೆ ತಲೆ ತಿರುಗುತ್ತದೆಂದು ತೋರಿಸಲು ಹೋಗಿದ್ದೆವು. ಅವರನ್ನು ಒಳಗೆ ಮಲಗಿಸಿದ್ದರು, ನಾನು ಚಿತ್ರ ನೋಡುತ್ತ ಕೂತೆ. ಮನುಷ್ಯನ ತಲೆಯೊಳಗೆ ಕೆಂಪು, ಹಸಿರು, ನೀಲಿ ಎಳೆಗಳು. ಸೆರಗಿಗೆ ಗೊಂಡೆ ಕಟ್ಟಲು ಯಾರೋ ನೂಲು ಬಿಡಿಸಿ ಹರವಿಟ್ಟಂತಿತ್ತು.

"ಮೆದುಳಿನ ದಾರಿಗಳ್ರೀ ಅಕ್ಕಾರ," ಎಂದರು ಡಾಕ್ಟರು. "ಬದುಕಿದ್ದವರ ತಲಿ ಕೊಯ್ಯಲಾರದಽ ಮಷೀನಿಲೆ ಈ ನಕಾಶಾ ತೆಗೀತಾರ. ಹಣಿ ಹಿಂದಿಂದು ವಿಚಾರ ಮಾಡೋ ಭಾಗ. ಒಳಗ ಬಾದಾಮಿಯಷ್ಟು ಗಂಟ ಅದ ನೋಡ್ರಿ, ಅಂಜಿಕಿ ಎದ್ದೇಳೋದು ಅಲ್ಲಿ. ಅದು ಹೌಹಾರಿದಾಗ, 'ಏನಿಲ್ಲ, ಸುಮ್ಮನಿರು' ಅಂತ ಮುಂದಿನ ಭಾಗ ಈ ದಾರಿಲೆ ಹೇಳಿ ಕಳಸ್ತದ. ದೊಡ್ಡ ಪೆಟ್ಟು ತಿಂದವರಿಗೆ ಒಮ್ಮೊಮ್ಮೆ ಆ ಮಾತು ಮುಟ್ಟಂಗಿಲ್ಲ. ಯಾಕ, ಹ್ಯಾಂಗ ಅನ್ನೋದು ಇನ್ನೂ ಹುಡುಕ್ಲಿಕ್ಕೆ ಹತ್ಯಾರ."

ಅವರು ಮುಂದೆ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಮೌಶಿ ಬಂದು ಕಣ್ಣ ಮುಂದೆ ನಿಂತಿದ್ದಳು…

ಯೆಣೆಗೂರಿನಲ್ಲಿ ನಮ್ಮ ಪಕ್ಕದ ಮನೆಯವಳು ಆಕೆ. ಇಡೀ ಓಣಿಗೆ ಮೌಶಿ, ಅಂದರೆ ಚಿಕ್ಕಮ್ಮ. ತವರು ನಿಲಂಗಾ ಕಡೆ. ಗಣಪತಿ ಹಬ್ಬಕ್ಕೆಂದು ತವರಿಗೆ ಹೋದಾಗ ಭೂಕಂಪವಾಯಿತು. ಕಲ್ಲು ಮಣ್ಣಿನ ಗೋಡೆಯ ಕೆಳಗಿಂದ ಆಕೆಯನ್ನು ಎಳೆದು ತೆಗೆದರು. ಪಕ್ಕದಲ್ಲೇ ಮಲಗಿದ್ದ ತಂಗಿಯನ್ನು ತೆಗೆಯುವ ಹೊತ್ತಿಗೆ… ಅಂದಿನಿಂದ ಮೌಶಿ ಮಣ್ಣಿನ ಮಾಳಿಗೆಯ ಕೆಳಗೆ ಕಾಲಿಡಲಿಲ್ಲ. ಅಡಿಗೆ, ಊಟ, ನಿದ್ದೆ ಎಲ್ಲವೂ ಅಂಗಳದ ತಗಡಿನ ಕೆಳಗೆ. ಅದೊಂದು ಬಿಟ್ಟರೆ ಆಕೆಯಷ್ಟು ಶಾಣೆ ಹೆಂಗಸು ನಮ್ಮಲ್ಲಿರಲಿಲ್ಲ. ಹೊಸದಾಗಿ ಸೊಸೆಯಾಗಿ ಬಂದ ನನಗೆ ಹೋಳಿಗೆ ತಟ್ಟಲು ಕಲಿಸಿದವಳು ಆಕೆ. ಬೈಯಲು ಕಲಿಸಿದವಳೂ ಆಕೆಯೇ.

ಕೆಲವು ವರ್ಷದ ಮೇಲೆ ಮಗಳಿಗೆ ಉದಗೀರದ ಸಂಬಂಧ ಕೂಡಿ ಬಂತು. ಹುಡುಗ ಶಾಲೆಯ ಮಾಸ್ತರ. ಹುಡುಗಿಗೂ ಮನಸ್ಸಿತ್ತು. ನಿಶ್ಚಯದ ದಿನ ದೇವರ ಜಗಲಿಯ ಮುಂದೆ ಹುಡುಗಿಯ ತಾಯಿ ಬೀಗತಿಯ ಉಡಿ ತುಂಬಬೇಕು. ಅಲ್ಲಿಗೆ ಮಾತು ಪಕ್ಕಾ.

"ಅಂಗಳದಾಗ ಚಪ್ಪರ ಹಾಕೋಣ್ರೀ ಅತ್ತಿ," ಎಂದು ಮೌಶಿ ಬೇಡಿಕೊಂಡಳು.

"ತಗಡಿನ ಕೆಳಗ ಎಮ್ಮಿ ಕಟ್ತಾರ, ಬೀಗರನ್ನ ಕೂಡಸಂಗಿಲ್ಲ," ಎಂದಳು ಅತ್ತೆ. "ಜಗಲಿ ಮ್ಯಾಲಿನ ದೇವರು ನಿನ್ನ ಸಲುವಾಗಿ ಅಂಗಳಕ್ಕ ಎದ್ದು ಬರ್ತಾನೇನ?"

ಮೌಶಿ ಹಟ ಹಿಡಿದು ರೂಢಿ ಮಾಡಲು ನಿಂತಳು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನನ್ನ ಕೈ ಹಿಡಿದು ಒಳಗೆ ಬರುವಳು. ಮೊದಲು ಹೊಸ್ತಿಲು, ಆಮೇಲೆ ನಡುಗಂಬ. ಹೆದ್ದಾರಿಯಲ್ಲಿ ಲಾರಿ ಹೋಯಿತೆಂದರೆ ಅವಳ ಉಗುರು ನನ್ನ ಮುಂಗೈಗೆ ನಾಟುತ್ತಿತ್ತು.

"ಮೌಶಿ, ಲಾರಿರೀ ಅದು."

"ಗೊತ್ತದ ಯವ್ವಾ. ತಲಿ ಹೇಳ್ತದ, ಲಾರಿ ಅಂತ. ಕಾಲಿಗಿ ಯಾರು ಹೇಳಬೇಕ?"

ಕೊನೆಗೆ ಜಗಲಿಯವರೆಗೂ ಬಂದಳು. ಬಂದು, ಬೆವರೊರೆಸಿಕೊಳ್ಳುತ್ತ ನಕ್ಕಳು.

ಉದಗೀರದವರು ಬಂದರು. ಆ ಕಾಲದಲ್ಲಿ ನಮ್ಮ ಕಡೆ ಯಾರೇ ಯಾರ ಮನೆಗೆ ಹೋದರೂ ಮೊದಲು ತಲೆಯೆತ್ತಿ ತೊಲೆ ನೋಡುತ್ತಿದ್ದರು, ಆಮೇಲೆ ಮನೆಯವರ ಮುಖ. ಬೀಗರೂ ಹಾಗೇ ನೋಡಿದರು. ಬೀಗ ಬಾಗಿಲ ಬದಿಗೇ ಕೂತು, "ಇಲ್ಲಿ ಗಾಳಿ ಛಂದ ಬರ್ತದ," ಎಂದ. ಗಾಳಿಯ ಸುಳಿವೇ ಇರಲಿಲ್ಲ.

ಮೌಶಿ ಬೀಗತಿಯ ಉಡಿಗೆ ಅಕ್ಕಿ ಹಾಕಿದಳು, ಅರಿಷಿಣದ ಬೇರು ಹಾಕಿದಳು. ಒಂದು ಕಾಳೂ ಕೆಳಗೆ ಬೀಳಲಿಲ್ಲ. ತೆಂಗಿನಕಾಯಿ ಎತ್ತಿಕೊಂಡಾಗ ಹೆದ್ದಾರಿಯಲ್ಲಿ ಕಬ್ಬಿನ ಲಾರಿಯೊಂದರ ಗಾಲಿ ತಗ್ಗಿಗೆ ಬಿದ್ದು ಧಡಾರೆಂದಿತು. ಗೋಡೆಯ ಮಾಡದಲ್ಲಿದ್ದ ತಂಬಿಗೆಗಳು ಗಲಗಲ ಎಂದವು, ಮಾಳಿಗೆಯಿಂದ ಚಿಟಿಕೆ ಮಣ್ಣು ಅಕ್ಕಿಯ ಮೇಲೆ ಉದುರಿತು. ಕಾಯಿ ಉರುಳಿತು. ಮೌಶಿ ಎದ್ದಳು.

ಆಕೆ ಎದ್ದದ್ದನ್ನು ನೋಡಿ ಎಲ್ಲರೂ ಎದ್ದರು! "ಓಡ್ರೋ!" ಎಂದು ಕೂಗಿದವನು ಬೀಗ, ಎಲ್ಲರಿಗಿಂತ ಮೊದಲು ಅಂಗಳಕ್ಕೆ ಹಾರಿದವನೂ ಅವನೇ. ಧೋತರದ ಕಚ್ಚೆ ಬಿಚ್ಚಿ ಹಿಂದೆ ಬಾಲದಂತೆ ಎಳೆಯುತ್ತಿತ್ತು. ಬೀಗತಿ ತುಂಬಿದ ಉಡಿಯನ್ನು ಹೊಸ್ತಿಲಲ್ಲೇ ಚೆಲ್ಲಿ ಬಂದಳು. ಮನೆ ಮಾತ್ರ ಇದ್ದಂತೆಯೇ ನಿಂತಿತ್ತು. ಲಾರಿ ತನ್ನ ಪಾಡಿಗೆ ಉಮರ್ಗಾದ ಕಡೆ ಹೋಯಿತು.

ಓಣಿಯ ಕಟ್ಟೆಯ ಮೇಲಿಂದ ಯಾರೋ, "ಬೀಗರು ಊಟಾ ಮಾಡಲಾರದಽ ಹೊಂಟ್ರಲ್ಲೋ!" ಎಂದರು. ಜನ ಗೊಳ್ಳೆಂದು ನಕ್ಕರು. ಆ ನಗೆಯೇ ಕೆಲಸ ಕೆಡಿಸಿತು. ಕಚ್ಚೆ ಸಿಗಿಸಿಕೊಳ್ಳುತ್ತ ಬೀಗ ಗುಡುಗಿದ: "ನಿಮ್ಮ ಮನ್ಯಾಗ ಹುಚ್ಚ ಅದ ಅಂತ ಮೊದಲಽ ಹೇಳಬೇಕಿತ್ತು. ನಾಳಿ ಮಗಳಿಗೂ ಇದಽ ಹಿಡೀತದ."

ಮೌಶಿ ಅವನ ಕಾಲು ಹಿಡಿದಳು. ಅವನು ಕಾಲು ಎಳೆದುಕೊಂಡ. ತನ್ನ ಅಂಜಿಕೆಯನ್ನು ಕಂಡವರನ್ನು ಮನುಷ್ಯ ಕ್ಷಮಿಸುವುದಿಲ್ಲ. ಇದ್ದವರೆಲ್ಲ ಓಡಿದ್ದರು, ಹುಚ್ಚಿ ಎಂಬ ಹೆಸರು ಒಬ್ಬಳಿಗೇ ಉಳಿಯಿತು. ಅತ್ತೆಯಾದರೂ ಸೊಸೆಯ ಪರ ಒಂದು ಮಾತಾಡಬಹುದಿತ್ತು. ಆಡಲಿಲ್ಲ.

ಆ ಮಾತು ಊರೂರು ತಿರುಗಿತು. ಹುಡುಗಿಯನ್ನು ಕೇಳಲು ಯಾರೂ ಬರಲಿಲ್ಲ. ಕೊನೆಗೆ ವಲಾಂಡಿಯ ಒಬ್ಬ ಎರಡನೇ ಸಂಬಂಧದವನು ಒಪ್ಪಿದ. ಅಕ್ಕಿಕಾಳು ಹಾಕುವ ಮದುವೆ ಅವರ ಊರಲ್ಲೇ. ಹುಡುಗಿಯ ತಾಯಿ ಬರಕೂಡದು ಎಂದು ಅವರು ಷರತ್ತು ಹಾಕಿದ್ದಾರೆಂದು ಮಗಳೇ ಅಳುತ್ತ ಬಂದು ಹೇಳಿದಳು. ಮದುವೆಯ ದಿನ ಮೌಶಿ ನಮ್ಮ ಅಂಗಳದಲ್ಲಿ ಕೂತು ಸಂಜೆಯತನಕ ಜೋಳ ಹಸನು ಮಾಡಿದಳು. ಹಸನಾದ ಜೋಳವನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಹಸನು ಮಾಡಿದಳು. "ವಲಾಂಡಿಯವರ ಮನಿ ಹಾಳಾಗ್ಲಿ," ಎಂದಳು. ಮರುಗಳಿಗೆಗೇ ಗಲ್ಲ ಬಡಿದುಕೊಂಡು, "ಮಗಳು ಅಲ್ಲೇ ಅದಾಳಲ್ಲ, ಹಂಗ ಅನಬಾರದು," ಎಂದಳು…

ಮೌಶಿ ತೀರಿಕೊಂಡು ಬಹಳ ವರ್ಷಗಳಾದವು. ಡಾಕ್ಟರರಲ್ಲಿಂದ ಬಂದ ಮರುದಿನ ಆಕೆಯ ಮಗಳಿಗೆ ಫೋನು ಹಚ್ಚಿದೆ. ಈಗ ಅವಳಿಗೂ ಸೊಸೆ ಬಂದಿದ್ದಾಳೆ. ಗೋಡೆಯ ಚಿತ್ರ, ಬಾದಾಮಿಯಂಥ ಗಂಟು, ಮುಟ್ಟದೆ ಹೋಗುವ ಮಾತು ಎಲ್ಲ ಹೇಳಿದೆ. "ನಿಮ್ಮವ್ವಗ ಹುಚ್ಚ ಇರಲಿಲ್ಲಽ," ಎಂದೆ.



"ನನಗ ಗೊತ್ತಿತ್ತು ವೈನಿ," ಎಂದಳು ಅವಳು. "ಆವಾಗೂ ಗೊತ್ತಿತ್ತು. ಆದರ ಅವ್ವ ಬಂದು ಅಕ್ಕಿಕಾಳಿನ್ಯಾಗ ಎದ್ದು ಓಡಿದರ ಹ್ಯಾಂಗ ಅಂತ ನನ್ನ ಜೀವಾ ಹಾರ್ತಿತ್ತು. ವಲಾಂಡಿಯವರು ಷರತ್ತು ಏನೂ ಹಾಕಿರಲಿಲ್ರೀ. ಬರಬ್ಯಾಡ ಅಂದಾಕಿ ನಾನಽ."

ಅತ್ತ ಕುಕ್ಕರು ಕೂಗಿತು. ಸೊಸೆ ಕರೆಯುತ್ತಿದ್ದಾಳೆಂದು ಅವಳು ಫೋನಿಟ್ಟಳು. ಮೌಶಿ ಕೊನೆಯತನಕ ವಲಾಂಡಿಯವರನ್ನೇ ಬೈದುಕೊಂಡು ಹೋದಳು. ಬೈಯುವುದಕ್ಕೆ ಅವರಾದರೂ ಇದ್ದರಲ್ಲ ಆಕೆಗೆ.